ತಿಮ್ಮಣ್ಣನ ಬಣ್ಣದ ಬಚ್ಚಲು

ಕೋಟೇಶ್ವರದಲ್ಲಿ ಬಸ್ಸಿಳಿದು ಪಡುವಣಕ್ಕೆ ನಡೆದರೆ, ಯಾರನ್ನು ಕೇಳಿದರೂ ತಿಮ್ಮಣ್ಣನ ಮನೆ ತೋರಿಸುತ್ತಾರೆ. ತೋರಿಸುವಾಗ ತುಟಿಯಂಚಿನಲ್ಲಿ ಒಂದು ನಗೆ ಇರುವುದೂ ಉಂಟು. ಎರಡೇ ಕೋಣೆಯ ಸಣ್ಣ ಮನೆ. ಗೋಡೆಗೆ ಗಾರೆ ಮಾಡಿದ್ದಷ್ಟೇ, ಬಣ್ಣ ಬಳಿದಿಲ್ಲ. ಆದರೆ ಮನೆಯ ಬದಿಗೆ ಅಂಟಿಕೊಂಡ ಬಚ್ಚಲಿನ ಬಾಗಿಲು ತೆರೆದವರು ಒಂದು ಗಳಿಗೆ ಮಾತು ಮರೆಯಬೇಕು. ನೆಲದಿಂದ ಮಾಡಿನವರೆಗೂ ಟೈಲ್ಸು. ಒಂದರಲ್ಲಿ ಹೂವು, ಪಕ್ಕದ್ದರಲ್ಲಿ ಗೆರೆ, ಅದರಾಚೆ ಚೌಕಳಿ. ನೀಲಿ, ಕಾವಿಗೆಂಪು, ಪಾಚಿಹಸಿರು, ಒಂದಕ್ಕೊಂದು ಸಂಬಂಧವೇ ಇಲ್ಲ. “ಉಂಬುಕೆ ಒಂದ್ ಸಮಾ ಬಟ್ಲಿಲ್ಲೆ, ಮೀವುಕೆ ಅರ್ಮನಿ” ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ. ಅರುವತ್ತು ದಾಟಿದ ಒಂಟಿ ಗಂಡಸು ಇಂಥ ಬಚ್ಚಲು ಯಾಕೆ ಕಟ್ಟಿಸಿದ ಎಂದು ಅವರಲ್ಲಿ ಒಬ್ಬರಾದರೂ ಕೇಳಬಹುದಿತ್ತು. ಕೇಳಲಿಲ್ಲ.

ತಿಮ್ಮಣ್ಣ ಅದನ್ನು ಕಟ್ಟಿಸಿದ್ದು ತಂಗಿ ಬಾಗಿ ಒಂದು ದಿನ ತನ್ನ ಮನೆಯಲ್ಲಿ ಉಳಿಯಲಿ ಎಂದು. ಅಷ್ಟೇ.

ಅಪ್ಪ ತೀರಿಕೊಂಡ ವರ್ಷ ಅವನು ಮುಂಬೈ ಬಸ್ಸು ಹತ್ತಿದ್ದ. ಅವನಿಗೆ ಹನ್ನೆರಡು, ಬಾಗಿಗೆ ಆರು. ದಾದರಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಮೇಜು ಒರೆಸಿ, ಕೊನೆಗೆ ದೋಸೆ ಕಾವಲಿಯ ಮುಂದೆ ನಿಂತ. ನಿಂತವನು ಅಲ್ಲಿಂದ ಕದಲಿದ್ದು ನಲವತ್ತೈದು ವರ್ಷಗಳ ಮೇಲೆ, ಮೊಣಕಾಲು ಕೈಕೊಟ್ಟಾಗ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದರೆ ಒಂದು ವಾರ. ಬಾಗಿಯ ಮದುವೆಗೆ ಬಂದದ್ದು ಮೂರು ದಿನಕ್ಕೆ. ತಾಯಿ ಹೋದಾಗ ಬಂದದ್ದು ಐದನೆಯ ದಿನ. ತನ್ನ ಮದುವೆಯನ್ನು ಅವನು ಮುಂದಿನ ರಜೆಗೆ, ಮುಂದಿನ ರಜೆಗೆ ಎಂದು ದೂಡುತ್ತಾ ಹೋದ. ಹಾಗೆ ದೂಡಿದ ಮದುವೆಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂಬುದು ನಮ್ಮ ಕಡೆಯ ಹೋಟೆಲಿನವರನ್ನು ಕೇಳಿದರೆ ಗೊತ್ತಾಗುತ್ತದೆ.

ಅಲ್ಲಿ ಹೋಟೆಲಿನ ಅಟ್ಟದ ಮೇಲೆ ಹದಿನಾಲ್ಕು ಗಂಡಸರು ಮಲಗುತ್ತಿದ್ದರು. ಮೀಯಲು ಇದ್ದದ್ದು ಒಂದೇ ಒಂದು ಬಚ್ಚಲು. ಮುಂಬೈಯವರ ಬಾಯಲ್ಲಿ ಅದು ಮೋರಿ. ಎದೆಮಟ್ಟದ ಒಂದು ಹಲಗೆಯೇ ಬಾಗಿಲು. ಚಿಲಕ ಇಲ್ಲ, ಕೊಂಡಿ ಇಲ್ಲ. ಮೈ ಒರೆಸುವ ಬೈರಾಸನ್ನು ಹಲಗೆಯ ಮೇಲೆ ಹಾಕಿದರೆ ಒಳಗೆ ಜನ ಇದ್ದಾರೆ ಎಂದು ಅರ್ಥ. ಎರಡು ತಂಬಿಗೆ ನೀರು ಹೊಯ್ದುಕೊಳ್ಳುವಷ್ಟರಲ್ಲಿ ಹೊರಗಿನಿಂದ ದಬದಬ ಬಡಿತ ಶುರು: “ಜಲ್ದೀ ರೇ ತಿಮ್ಮಾ!” ಸೋಪಿನ ನೊರೆ ಕಿವಿಯೊಳಗೇ ಉಳಿದಿರುತ್ತಿತ್ತು. ನಲವತ್ತೈದು ವರ್ಷದಲ್ಲಿ ಒಂದು ದಿನವೂ ಅವನು ನೆಮ್ಮದಿಯಿಂದ ಮಿಂದವನಲ್ಲ.

ಊರಿಗೆ ಮರಳಿ ಈ ಮನೆ ಮಾಡಿಕೊಂಡ ಮೇಲೆ ಬಾಗಿ ಒಂದು ಮಧ್ಯಾಹ್ನ ಬಂದಿದ್ದಳು. ಅವಳು ಇರುವುದು ಉಪ್ಪುಂದದಲ್ಲಿ, ಮಗ ಸೊಸೆಯ ಜೊತೆ. ಬೈಂದೂರು ಪೇಟೆಯಲ್ಲಿ ಮೀನು ಮಾರುತ್ತಾಳೆ. ಗಂಡ ತೀರಿಕೊಂಡು ಆರು ವರ್ಷವಾಗಿದೆ. ಉಪ್ಪುಂದ ಏನು ಮುಂಬೈಯಲ್ಲ, ಬಸ್ಸು ಹತ್ತಿದರೆ ಗಂಟೆಯೊಳಗಿನ ದಾರಿ. ಅದೇ ತಿಮ್ಮಣ್ಣನ ಕಷ್ಟ. ದೂರ ಇದ್ದರೆ ಬಂದವರು ಉಳಿಯುತ್ತಾರೆ, ಹತ್ತಿರದವರು ಚಾ ಕುಡಿದು ಹೊರಡುತ್ತಾರೆ.

“ಇವತ್ ಉಳ್ಕಣ್ ಬಾಗೀ” ಎಂದ ತಿಮ್ಮಣ್ಣ.

ಬಾಗಿ ಅಂಗಳದ ಮೂಲೆ ನೋಡಿದಳು. ಅಲ್ಲಿ ನಾಲ್ಕು ಗೂಟ ನೆಟ್ಟು ತೆಂಗಿನ ಮಡಲು ಕಟ್ಟಿದ್ದ, ಅದರೊಳಗೆ ಒಂದು ಕಲ್ಲು, ಒಂದು ಹಂಡೆ. ಅವಳು ನಕ್ಕಳು. “ಹ್ಯಾಂಗ್ ಉಳಿವುದ್ ಅಣ್ಣಯ್ಯ? ಹೆಂಗ್ಸ್ರಿಗ್ ಮೀವುಕೆ ಒಂದ್ ಜಾಗ ಬ್ಯಾಡ್ದಾ?”

ಬಾಯಿಮಾತಿಗೆ ಆಡಿದ್ದೋ, ಮನಸ್ಸಿನಿಂದ ಆಡಿದ್ದೋ, ಆ ಮಾತು ತಿಮ್ಮಣ್ಣನೊಳಗೆ ಮುಳ್ಳಿನ ಹಾಗೆ ನಟ್ಟಿತು. ಮರುವಾರವೇ ಅವನು ಕುಂದಾಪುರದಲ್ಲಿ, ಹೈವೇ ಬದಿಯ ಒಂದು ಟೈಲ್ಸ್ ಅಂಗಡಿಯಲ್ಲಿದ್ದ.

ಅಂಗಡಿಯವನು ಬಿಳಿಯದು ತೋರಿಸಿದ, ಅಮೃತಶಿಲೆಯ ಹಾಗಿನದು ತೋರಿಸಿದ, ಮರದ ಹಲಗೆಯಂತೆ ಕಾಣುವುದನ್ನೂ ತೋರಿಸಿದ. ತಿಮ್ಮಣ್ಣ ಎಲ್ಲದಕ್ಕೂ ಹೂಂ ಎಂದ. ಆಮೇಲೆ ಮೂಲೆಯಲ್ಲಿ ಒರಗಿಸಿಟ್ಟ ಒಂದು ಹಲಗೆಯ ಮುಂದೆ ನಿಂತುಬಿಟ್ಟ. ಚಿತ್ತಾರ ಚಿತ್ತಾರದ ಟೈಲ್ಸುಗಳನ್ನು ಅದರ ಮೇಲೆ ತುಂಡು ಬಟ್ಟೆ ಹೊಲಿದ ಹಾಗೆ ಜೋಡಿಸಿದ್ದರು.

“ಅದ್ ಪ್ಯಾಚ್‌ವರ್ಕ್ ಅಂದೇಳಿ, ಹೊಸಾ ಫ್ಯಾಶನ್” ಎಂದ ಅಂಗಡಿಯವನು. “ಪ್ಯಾಟಿ ಹುಡ್ಗರ್ ತಕಂತ್ರ್. ನಿಮ್ಗ್ ಬಿಳಿದೇ ಲಾಯ್ಕ್ ಮರ್ರೆ.”

ಹೊಸ ಫ್ಯಾಶನ್ನಂತೆ! ತಿಮ್ಮಣ್ಣನಿಗೆ ಅದು ಐವತ್ತು ವರ್ಷದ ಹಿಂದಿನ ಹೊದಿಕೆ. ಹರಿದ ಸೀರೆಗಳ ತುಂಡು ಕೂಡಿಸಿ ತಾಯಿ ಹೊಲಿದ ಹೊದಿಕೆ ಅದು, ಅಣ್ಣ ತಂಗಿ ಇಬ್ಬರಿಗೂ ಸೇರಿ ಒಂದೇ. ಒಂದು ಬದಿಯಲ್ಲಿ ಹಳದಿ ಹೂವಿನ ತುಂಡಿತ್ತು. ಯಾರದೋ ಮದುವೆ ಸೀರೆಯದು, ಬಲು ಮೆತ್ತಗೆ. ಆ ಬದಿ ತನಗೆ ಬೇಕು ಎಂದು ಇಬ್ಬರೂ ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಅಣ್ಣ ಮುಂಬೈಗೆ ಹೊರಡುವ ಹಿಂದಿನ ದಿನ ಮಾತ್ರ ಬಾಗಿ ತಾನಾಗಿ ಹಳದಿ ಬದಿಯನ್ನು ಅವನ ಕಡೆಗೆ ತಿರುಗಿಸಿ ಹೊದೆಸಿದ್ದಳು. ಆರು ವರ್ಷದ ಹುಡುಗಿಗೆ ಏನು ಹೇಳಲು ಬಂದೀತು?

“ಇದೇ ಇರ್ಲಿ” ಎಂದ ತಿಮ್ಮಣ್ಣ. ಹಲಗೆಯಲ್ಲಿ ಹಳದಿ ಹೂವಿನದು ಇರಲಿಲ್ಲ. ಅಂಗಡಿಯವನ ಗೋದಾಮಿನಲ್ಲಿ ಅರ್ಧ ದಿನ ಧೂಳು ಕುಡಿದು ಒಂದನ್ನು ಹುಡುಕಿಸಿದ. ಒಂದೇ ಸಿಕ್ಕಿತು.

ಟೈಲ್ಸ್ ಕೆಲಸಕ್ಕೆ ಬಂದವನು ಬ್ರಹ್ಮಾವರದ ಶೈಲೇಶ. ಒಳ್ಳೆಯ ಕೆಲಸಗಾರ, ಅವನು ಹಾಕಿದ ಟೈಲ್ಸಿನ ಸಂದಿಯಲ್ಲಿ ಇರುವೆಗೂ ಜಾಗ ಸಿಗದು. ಆದರೆ ಇಪ್ಪತ್ತು ವರ್ಷ ಗೆರೆಗೆ ಗೆರೆ, ಹೂವಿಗೆ ಹೂವು ಕೂಡಿಸಿ ಕೂಡಿಸಿ ಪಳಗಿದ ಕೈ. ಪೆಟ್ಟಿಗೆ ಒಡೆದು ನೋಡಿದವನು ಕಂಪೆನಿಯವರು ಕಲಸಿ ಕಳಿಸಿದ್ದಾರೆ ಎಂದುಕೊಂಡ. ಪಾಪ, ಬೆಳಗಿನಿಂದ ಮಧ್ಯಾಹ್ನದವರೆಗೆ ಕುಕ್ಕುರುಗಾಲಲ್ಲಿ ಕೂತು ಎಲ್ಲವನ್ನೂ ವಿಂಗಡಿಸಿದ. ಹೂವಿನವು ಒಂದು ಸಾಲು, ಗೆರೆಯವು ಒಂದು ಸಾಲು, ಚೌಕಳಿಯವು ಇನ್ನೊಂದು. ತಿಮ್ಮಣ್ಣ ಪೇಟೆಯಿಂದ ಬರುವಾಗ ಎರಡು ಸಾಲು ಗೋಡೆಗೆ ಹತ್ತಿಯೂ ಆಗಿತ್ತು.

“ಹ್ವಾಯ್ ಶೈಲೇಶಾ, ತೆಗಿ ತೆಗಿ! ಒಂದಕ್ಕೊಂದ್ ಸೇರೂಕ್ ಆಗ.”

“ಸೇರೂಕಾಗ್ದಾ?” ಶೈಲೇಶ ಕರಣೆ ಹಿಡಿದುಕೊಂಡೇ ಬಾಯಿ ಬಿಟ್ಟ. “ನನ್ ಜಲ್ಮದಂಗೇ ಈ ಮಾತ್ ಕೇಣ್ಲಿಲ್ಲ ತಿಮ್ಮಣ್ಣ. ನಾಳೆ ಯಾರಾರೂ ಕಂಡ್ರೆ ಶೈಲೇಶಂಗ್ ಕೆಲ್ಸ ಬತ್ತಿಲ್ಲೆ ಅಂಬ್ರ್.”

“ಅನ್ಲಿ. ನನ್ ಹೆಸ್ರ್ ಹೇಳ್.”

ಸಿಮೆಂಟು ಹಸಿಯಾಗಿದ್ದುದರಿಂದ ಟೈಲ್ಸು ಕೈಗೆ ಬಂದವು. ಎರಡು ದಿನ ಶೈಲೇಶನಿಗೆ ರಜೆ ಕೊಟ್ಟು ತಿಮ್ಮಣ್ಣ ಅಂಗಳದ ತುಂಬ ಅವನ್ನು ಹರಡಿಕೊಂಡ. ತಾಯಿಯ ಹೊದಿಕೆ ಹೇಗಿತ್ತೆಂದು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುವುದು, ಒಂದು ಇಡುವುದು, ಎದ್ದು ದೂರ ಹೋಗಿ ನೋಡುವುದು, ಮತ್ತೆ ತೆಗೆಯುವುದು. ಹಳದಿಯದನ್ನು ಬಾಗಿಲ ಪಕ್ಕದಲ್ಲಿ, ಒಳಗೆ ಹೋದವರ ಕಣ್ಣಿಗೆ ಬೀಳುವ ಎತ್ತರಕ್ಕೆ ಎಂದು ಬೇರೆ ಎತ್ತಿಟ್ಟ. ಆ ಎರಡು ದಿನ ಅವನಿಗೆ ಒಬ್ಬನೇ ಇದ್ದೇನೆ ಅನ್ನಿಸಲಿಲ್ಲ. ಮೂರನೆಯ ದಿನ ಶೈಲೇಶನ ರಬ್ಬರ್ ಸುತ್ತಿಗೆಯ ಸದ್ದು ಕೇಳುತ್ತಾ ಕೂತಾಗ, ಈ ಸದ್ದೂ ನಿಂತುಹೋದರೆ ಮನೆ ಹೇಗಿರುತ್ತದೆ ಎಂದು ಯೋಚನೆಯಾಯಿತು.

ಆಮೇಲೆ ನಲ್ಲಿ ಬಂತು, ಮೇಲಿನಿಂದ ಮಳೆಯಂತೆ ಸುರಿಯುವ ಶವರು ಬಂತು, ಕನ್ನಡಿ, ಸೋಪಿಗೆ ಒಂದು ತಟ್ಟೆ, ಕೂರಲು ಒಂದು ಮಣೆ. ಕಕ್ಕಸೂ ಅದರೊಳಗೇ. ಪ್ಲಾಸ್ಟಿಕ್ಕಿನ ರೆಡಿಮೇಡ್ ಬಾಗಿಲನ್ನು ತಿಮ್ಮಣ್ಣ ತಾನೇ ತಂದು ತಾನೇ ತಿರುಪು ಬಿಗಿದು ನಿಲ್ಲಿಸಿದ. ಆಚೆಮನೆಯ ಬೆಕ್ಕು ನುಗ್ಗಬಾರದೆಂದು ಹೊರಗಿನಿಂದ ಒಂದು ಕೊಂಡಿ ಹಾಕಿದ.

ಆಗಷ್ಟೇ ಬಾಗಿಯ ಫೋನು ಬಂತು. ನಾಡಿದ್ದು ಕುಂಭಾಶಿಗೆ, ಆನೆಗುಡ್ಡೆ ಗಣಪತಿ ದೇವಸ್ಥಾನಕ್ಕೆ ಬರುತ್ತಾಳಂತೆ. ಕುಂಭಾಶಿ ಇಲ್ಲೇ ಪಕ್ಕ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ತಿಮ್ಮಣ್ಣ ಉದ್ದು ಅಕ್ಕಿ ನೆನೆಹಾಕಿದ. ಹೊಸ ಚಾಪೆ ತಂದ, ಹೊಸ ದಿಂಬು ತಂದ.

ಬಾಗಿ ದೇವಸ್ಥಾನ ಮುಗಿಸಿ ಮಧ್ಯಾಹ್ನದ ಮೇಲೆ ಬಂದಳು. ಕೈಯಲ್ಲಿ ಪಂಚಕಜ್ಜಾಯದ ಪೊಟ್ಟಣ, ಹೆಗಲಲ್ಲಿ ದಪ್ಪ ಚೀಲ. ಚೀಲದ ಬಾಯಲ್ಲಿ ಮಡಚಿದ ಸೀರೆಯ ಅಂಚು ಕಂಡಾಗ ತಿಮ್ಮಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಉಳಿಯಲೆಂದೇ ಬಂದಿದ್ದಾಳೆ!

“ಅಣ್ಣಯ್ಯಾ!” ಬಚ್ಚಲು ನೋಡಿ ಬಾಗಿ ಅಷ್ಟೇ ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆ ಸವರಿದಳು. ಹಳದಿ ಹೂವಿನ ಟೈಲ್ಸಿನ ಮೇಲೆ ಅವಳ ಕೈ ನಿಂತಿತು. “ಅಬ್ಬಿ ಹೊಲ್ದ್ ಹೊದ್ಕಿ ಕಂಡಂಗೇ ಇತ್ತಲೆ!” ಅವಳ ಕಣ್ಣು ತುಂಬಿತ್ತು. ತಿಮ್ಮಣ್ಣ ತಿರುಗಿ ಒಲೆಯ ಕಡೆಗೆ ಹೋದ. ಗಂಡಸು, ಅವನಿಗೂ ಒಂದು ಮಾನ ಇರುತ್ತದಲ್ಲ.

ಹಂಡೆಯಲ್ಲಿ ಬಿಸಿನೀರು ಕಾದಿತ್ತು. ಎರಡು ಕೊಡಪಾನ ತಂದು ಬಕೆಟ್ಟಿಗೆ ಹೊಯ್ದು, “ಸೆಕಿಯಂಗೆ ಬಂದಿದ್ದಿ, ಮಿಂದ್ಕ ಬಾಗೀ. ಬೈರಾಸ್ ಬಾಗ್ಲ್ ಮೇಲ್ ಹಾಕ್. ಯಾರೂ ಬತ್ರಿಲ್ಲೆ” ಎಂದ.

ಬಾಗಿ ಬಾಗಿಲ ಒಳಮೈ ನೋಡಿದಳು. ಹೊರಗೆ ಅಂಗಳ ನೋಡಿದಳು. ಆ ಅಂಗಳದಲ್ಲೇ ಹಿಂದಿನ ಮನೆಗಳವರ ಕಾಲುದಾರಿ. ಬಲೆ ಹೊತ್ತ ಇಬ್ಬರು ಗಂಡಸರು ಆಗಲೇ ದಾಟಿಹೋದರು. ಗಾಳಿಗೆ ಬಾಗಿಲು ಒಂದು ಗೇಣು ತಾನಾಗಿ ತೆರೆದು ಮತ್ತೆ ಕೂಡಿತು. ಒಳಗೆ ಹೋದ ಬಾಗಿ ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದಳು. ಪಾದ ಮಾತ್ರ ಒದ್ದೆ. ಉಟ್ಟ ಸೀರೆ ಉಟ್ಟ ಹಾಗೇ ಇತ್ತು.

“ತಲಿ ಭಾರ ಇತ್ತ್ ಅಣ್ಣಯ್ಯ. ಮೀತಿಲ್ಲೆ.”

ದೋಸೆ ತಿಂದಳು, ಚಂದ ಆಗಿದೆ ಎಂದಳು. ಆದರೆ ಚಡಪಡಿಸುತ್ತಿದ್ದಳು. ನೀರು ಕೊಟ್ಟರೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಐದು ಗಂಟೆಗೆ ಚೀಲ ಹೆಗಲಿಗೇರಿತು. “ನಾನ್ ಹೋತೆ. ಸೊಸಿ ಒಬ್ಳೇ ಇತ್ಲ್.”

“ಉಳಿವುಕ್ ಬಂದವ್ಳಲ್ದಾ ನೀನ್?”

“ಇನ್ನೊಂದ್ಸಲ ಬತ್ತೆ.”

ತಿಮ್ಮಣ್ಣ ಬಸ್ಸಿನವರೆಗೆ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು ಅವನಿಗೆ. ಬಚ್ಚಲು ಇಲ್ಲವೆಂದದ್ದು ನೆಪ. ಅಣ್ಣನ ಮನೆಯಲ್ಲಿ ಇರಲು ಅವಳಿಗೆ ಮನಸ್ಸಿಲ್ಲ, ಅಷ್ಟೇ. ನಲವತ್ತೈದು ವರ್ಷ ಯಾರದೋ ಬಾಯಿಗೆ ದೋಸೆ ಹಾಕಿ ಬಂದವನನ್ನು ಯಾರು ಅಣ್ಣ ಎಂದುಕೊಂಡಾರು? ಹಳದಿ ಟೈಲ್ಸು ಇಟ್ಟದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಅಂದಿನಿಂದ ಅವನು ಆ ಬಚ್ಚಲಿಗೆ ಹೊರಗಿನ ಕೊಂಡಿ ಹಾಕಿದವನು ತೆಗೆಯಲಿಲ್ಲ. ಬಾವಿಕಟ್ಟೆಯಲ್ಲೇ ನಿಂತು ಎರಡು ಕೊಡ ಸುರಿದುಕೊಳ್ಳುವುದು, ಊರೆಲ್ಲ ನೋಡಿದರೂ ಸರಿ. ಕಕ್ಕಸಿಗೆ ಮತ್ತೆ ಹಿತ್ತಲಿನ ಹಳೆಯ ತಗಡಿನ ಗೂಡೇ ಗತಿಯಾಯಿತು. ಬಾಗಿಯ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಮೂರನೆಯ ಸಲ ಬರಲೂ ಇಲ್ಲ. ಮಳೆ ಹಿಡಿಯಿತು. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಹೊರಟದ್ದು ಬೆಕ್ಕಿಗೆ ಹೇಳಿದ “ಹೋಗಾಚೆ” ಒಂದೇ. ಒಂದು ಸಲ ಅಂಗಡಿಯಲ್ಲಿ ಬೆಲ್ಲ ಕೇಳಹೋಗಿ ಗಂಟಲಿನಿಂದ ಸ್ವರವೇ ಹೊರಡದೆ ಕೆಮ್ಮಬೇಕಾಯಿತು. ಅಟ್ಟದ ಮೇಲಿನ ಆ ಹದಿನಾಲ್ಕು ಜನರ ಗೊರಕೆ, ಬೈಗುಳ, ಬಾಗಿಲ ಮೇಲಿನ ದಬದಬ ಎಲ್ಲ ಅವನಿಗೆ ನೆನಪಾಗುತ್ತಿತ್ತು. ಆ ಬಡಿತದ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡಿದ್ದ! ಈಗ ಇಡೀ ದಿನ ಒಳಗೆ ಕೂತರೂ ಬಾಗಿಲು ತಟ್ಟುವವರಿಲ್ಲ.

ಆಷಾಢ ತಿಂಗಳಿನಲ್ಲಿ ಆಶಾ ಕಾರ್ಯಕರ್ತೆ ಚೇತನಾ ಬಂದಳು. ಡೆಂಗಿ ಜ್ವರದ ಕಾಲ. ಎಲ್ಲೆಲ್ಲಿ ನೀರು ನಿಂತಿದೆ ಎಂದು ಮನೆಮನೆಗೆ ಹೋಗಿ ಟಾರ್ಚು ಬಿಟ್ಟು ನೋಡುವುದು ಅವಳ ಕೆಲಸ. ಊರಿನ ಡ್ರಮ್ಮು ಚಟ್ಟಿಗಳೆಲ್ಲ ಅವಳ ಬಾಯಿಗೆ ಹೆದರುತ್ತವೆ.

ಬಚ್ಚಲಿನ ಕೊಂಡಿ ತೆಗೆದವಳೇ ಗೋಡೆ ನೋಡಿ, “ಅಬ್ಬಾ, ಎಂತಾ ಚಂದ!” ಎಂದಳು. ಬಕೆಟ್ಟಿಗೆ ಟಾರ್ಚು ಬಿಟ್ಟು, “ಅಯ್ಯೋ ತಿಮ್ಮಣ್ಣ, ಇದ್ರಂಗೆ ಸೊಳ್ಳೆ ಮರಿ ಗಿಜಿಗಿಜಿ ಅಂತಿತ್ತ್! ನೀವ್ ಇದ್ರಂಗ್ ಮೀತಿಲ್ಯಾ?” ಎಂದಳು. ಬಾಗಿಗೆಂದು ಹೊಯ್ದಿಟ್ಟ ನೀರು ಅದು, ತಿಂಗಳುಗಟ್ಟಲೆ ಅಲ್ಲೇ ನಿಂತಿತ್ತು. ತಿಮ್ಮಣ್ಣ ಬಕೆಟ್ಟು ಎತ್ತಿ ಹೊರಗೆ ಚೆಲ್ಲಿದ.

ಚೇತನಾ ಟಾರ್ಚು ಆರಿಸಿ, “ಬೆಳ್ಗಿಂದ ತಿರ್ಗ್ತಾ ಇದ್ದೆ. ಒಂಚೂರ್ ಒಳ್ಗ್ ಹೋಯ್ ಬತ್ತೆ” ಎಂದು ಬಾಗಿಲು ಎಳೆದುಕೊಂಡಳು. ಮರುಕ್ಷಣವೇ ತಲೆ ಹೊರಗೆ ಹಾಕಿದಳು. “ಚಿಲ್ಕ ಎಲ್ಲಿತ್ತ್?”

“ಹೊರ್ಗ್ ಇತ್ತಲೆ.”

“ಹೊರಗಿಂದ್ ಯಾರಿಗ್ ಬೇಕ್? ಒಳ್ಗಿಂದ್?”

“ಒಳ್ಗೆ... ಬೈರಾಸ್ ಬಾಗ್ಲ್ ಮೇಲ್ ಹಾಕ್ರೆ ಆಯ್ತ್. ಯಾರೂ ಬತ್ರಿಲ್ಲೆ.”

ಚೇತನಾ ನಗಲು ಹೊರಟವಳು ಅವನ ಮುಖ ನೋಡಿ ನಗಲಿಲ್ಲ. ಮಕ್ಕಳಿಗೆ ಹೇಳುವಂತೆ ಮೆತ್ತಗೆ ಹೇಳಿದಳು: “ಗಂಡ್ಸ್ರಿಗ್ ಆತ್ತ್ ತಿಮ್ಮಣ್ಣ. ಒಳ್ಗಿಂದ್ ಚಿಲ್ಕ ಇಲ್ದಿರೆ ಹೆಂಗ್ಸ್ರ್ ಸೀರಿ ಬಿಚ್ಚಿ ಮೀವುಕೆ ಎಡಿತ್ತಾ? ಹ್ವಾಯ್, ನೀವ್ ಹೋಯಿ ದಣ್ಪಿ ಹತ್ರ ಆಚಿ ಬದಿ ಕಂಡ್ಕಂಡ್ ನಿಂತ್ಕಣಿ. ಯಾರಾರೂ ಬಂದ್ರೆ ತಡ್ದ್ ನಿಲ್ಸಿ.”

ತಿಮ್ಮಣ್ಣ ಹೋಗಿ, ಅಂಗಳದ ಬಾಯಲ್ಲಿ ಅಡ್ಡಗಳ ಹಾಕಿದ ದಣಪೆಯ ಬಳಿ ಮನೆಗೆ ಬೆನ್ನು ಹಾಕಿ ನಿಂತ. ಸಣ್ಣಗೆ ಮಳೆ ಬೀಳುತ್ತಿತ್ತು. ಅಲ್ಲಿ ನಿಂತಾಗ ಅವನಿಗೆ ಬಾಗಿ ಬಾಗಿಲ ಒಳಮೈ ನೋಡಿದ್ದು, ಅಂಗಳ ನೋಡಿದ್ದು, ಗಾಳಿಗೆ ಬಾಗಿಲು ತೆರೆದದ್ದು, ಒಂದೊಂದಾಗಿ ಕಣ್ಣಿಗೆ ಬಂತು. ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟದ್ದು ಕಕ್ಕಸಿಗೆ ಹೋಗಬೇಕಾದೀತು ಎಂಬ ಹೆದರಿಕೆಗೆ ಎಂದು ಹೊಳೆದಾಗ ಅವನು ಹಣೆ ಹಣೆ ಬಡಿದುಕೊಂಡ. ಮದುವೆ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ. ಎರಡು ದಿನ ಕೂತು ಹೂವು ಚೌಕಳಿ ಜೋಡಿಸಿದ. ಒಂದು ಚಿಲಕ ಅವನ ತಲೆಗೆ ಬರಲಿಲ್ಲ. ಚಿಲಕವಿದ್ದ ಬಚ್ಚಲಿನಲ್ಲಿ ಅವನು ಹುಟ್ಟಿದಂದಿನಿಂದ ಮಿಂದಿದ್ದರಲ್ಲವೇ?

ಅಂದೇ ಕೋಟೇಶ್ವರ ಪೇಟೆಯಿಂದ ಚಿಲಕ ತಂದ. ಒಂದಲ್ಲ, ಎರಡು, ಮೇಲೊಂದು ಕೆಳಗೊಂದು. ಶೈಲೇಶ ಬಂದು ಚಿಲಕದ ತೂತಿಗೆಂದು ಗೋಡೆಗೆ ಡ್ರಿಲ್ಲು ಹಿಡಿದಾಗ ಹಳದಿ ಟೈಲ್ಸಿನ ಮೂಲೆ ಚಿಟಕ್ಕನೆ ಹಾರಿತು.

“ಅಯ್ಯೋ, ಇಂಥದ್ ಬ್ಯಾರೆ ಸಿಕ್ಕುದಿಲ್ಲ ತಿಮ್ಮಣ್ಣ!”

“ಇರ್ಲಿ. ಚಿಲ್ಕ ಸಮಾ ಬೀಳತ್ತಾ ಕಾಣ್.”

ಶೈಲೇಶ ಹೋದ ಮೇಲೆ ಫೋನು ಹಿಡಿದು ಕೂತ. ಹೇಳುವ ಮಾತನ್ನು ನಾಲ್ಕು ಸಲ ಮನಸ್ಸಿನಲ್ಲಿ ಉರು ಹೊಡೆದ. ಬಾಗಿ “ಹಲೋ” ಎಂದ ಕೂಡಲೇ ಎಲ್ಲ ಮರೆತುಹೋಯಿತು.

“ಬಾಗೀ, ಬಚ್ಲಿಗ್ ಚಿಲ್ಕ ಹಾಕ್ಸಿದೆ. ಒಳ್ಗಿಂದ. ಎರಡ್.”

ಆ ಕಡೆ ಮೀನು ಪೇಟೆಯ ಗಲಾಟೆ ಕೇಳುತ್ತಿತ್ತು.

“ಆವತ್ತೇ ಎಂತಕ್ ಹೇಳ್ಲಿಲ್ಲ ನೀನ್?” ಎಂದ ತಿಮ್ಮಣ್ಣ.

“ಅಷ್ಟ್ ಆಸಿಯಂಗ್ ತೋರ್ಸ್ತಾ ಇದ್ದಿ ಅಣ್ಣಯ್ಯ ನೀನ್. ಹ್ಯಾಂಗ್ ಹೇಳುದ್ ನಾನ್?” ಎಂದಳು ಬಾಗಿ. “ಎರಡ್ ಸಲ ಫೋನ್ ಮಾಡ್ದೆ. ನೀನ್ ಎತ್ಲಿಲ್ಲ.”

ಬಂದ ಭಾನುವಾರ ಅದೇ ದಪ್ಪ ಚೀಲ ಹೊತ್ತು ಬಾಗಿ ಬಂದಳು. ಉಂಡರು, ಮಾತಾಡಿದರು. ಮಾತೇನೂ ದೊಡ್ಡದಲ್ಲ: ತಾಯಿಯ ಕೊನೆಯ ದಿನಗಳು, ಮೀನಿನ ರೇಟು, ದಾದರಿನ ಮೋರಿ. ಮೋರಿಯ ಕತೆ ಕೇಳಿ ಬಾಗಿ ಹೊಟ್ಟೆ ಹಿಡಿದು ನಕ್ಕಳು; ನಕ್ಕು ಮುಗಿದ ಮೇಲೆ, “ಅಷ್ಟ್ ವರ್ಷ ಹಾಂಗೇ ಮಿಂದ್ಯಾ?” ಎಂದು ಕೇಳಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅವಳಿಗೆಂದು ಹಾಸಿದ ಹೊಸ ಚಾಪೆಯಲ್ಲೇ ಮಲಗಿದಳು.

ಬೆಳಿಗ್ಗೆ ತಿಮ್ಮಣ್ಣ ಬಿಸಿನೀರು ತುಂಬಿಸಿಟ್ಟ. ಬಾಗಿ ಒಳಗೆ ಹೋದಳು. ಟಕ್ ಎಂದು ಮೇಲಿನ ಚಿಲಕ, ಟಕ್ ಎಂದು ಕೆಳಗಿನದು. ಆಮೇಲೆ ನೀರಿನ ಸದ್ದು.

ತಿಮ್ಮಣ್ಣ ಬೈರಾಸು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ನಿಂತ, ತನ್ನ ಸರದಿಗೆ. ಕಾವಲಿ ಒಲೆಯ ಮೇಲಿತ್ತು, ಹಿಟ್ಟು ಉಬ್ಬಿತ್ತು. ನಲವತ್ತೈದು ವರ್ಷ ಹೀಗೇ ಬೈರಾಸು ಹಾಕಿಕೊಂಡು ಬಚ್ಚಲಿನ ಹೊರಗೆ ನಿಂತವನಿಗೆ ಇಷ್ಟು ಸುಖವಾಗಿ ಕಾದದ್ದು ನೆನಪಿರಲಿಲ್ಲ.

“ಅಣ್ಣಯ್ಯಾ, ತಡ ಆಯ್ತಾ? ಬಂದೆ ಈಗ!” ಬಾಗಿ ಒಳಗಿನಿಂದ ಕೂಗಿದಳು.

“ಎಂತ ತಡ? ನಿಧಾನ ಮೀ ಮಾರಾಯ್ತಿ.”

ಹತ್ತು ಗಂಟೆಯ ಬಸ್ಸಿಗೆ ಅವಳು ಹೊರಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಈಗಿನ್ನೂ ಬೆಳಗಿನ ಏಳು ಗಂಟೆ.